ಕೀ ಕೊಟ್ಟರೂ ಹಿಡಿಯದ ಹೀ-ಮ್ಯಾನ್

ಪೆಟ್ಟಿಗೆ ಬಿಚ್ಚಿ ಗೊಂಬೆಯನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಮುಖ ನೋಡಲಿಲ್ಲ, ಕತ್ತಿ ನೋಡಲಿಲ್ಲ. ಎಡಗೈಯಲ್ಲಿ ಕಾಲು ಹಿಡಿದು, ಬಲಗೈಯಲ್ಲಿ ಎದೆ ಹಿಡಿದು, ಸೊಂಟ ತಿರುಚಿ ಬಿಟ್ಟರು. ಗೊಂಬೆ ತಿರುಗಿದಲ್ಲೇ ನಿಂತಿತು. ಇನ್ನೊಂದು ಸಲ ತಿರುಚಿದರು. ಮತ್ತೆ ಅಲ್ಲೇ.

"ಇದೇನೋ, ಕೀ ಕೊಟ್ಟರೂ ಹಿಡೀತಾನೇ ಇಲ್ಲ."

"ಸ್ಪ್ರಿಂಗ್ ತೆಗೆದುಬಿಟ್ಟಿದ್ದಾರೆ ಅಪ್ಪಾ."

"ತೆಗೆದು?"

"ಹದಿನಾರು ಕಡೆ ಕೀಲು ಇಟ್ಟಿದ್ದಾರೆ."

"ಹದಿನಾರಾ? ನಮ್ಮ ಜನತಾ ವಾಚಿಗೆ ಹದಿನೇಳು ಜ್ಯುವೆಲ್ ಇತ್ತು" ಅಂದು ಅದನ್ನು ಟೀಪಾಯಿ ಮೇಲೆ ಮಲಗಿಸಿ ಪೇಪರ್ ಎತ್ತಿಕೊಂಡರು.

ಹೊಸ ಹೀ-ಮ್ಯಾನ್ ಗೊಂಬೆಯ ವಿಮರ್ಶೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಎರಡು ಸಾವಿರದ ಮೇಲೆ ಕೊಟ್ಟು ತರಿಸಿದ ಸಾಮಾನು. ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ. ಮೂರು ವಾರ ಅದನ್ನು ನನ್ನ ಚಿಕ್ಕಂದಿನ ಹಳೆಯದರ ಪಕ್ಕ ಮೇಜಿನ ಮೇಲೆ ನಿಲ್ಲಿಸಿಕೊಂಡೆ. ದಿನಾ ರಾತ್ರಿ ಊಟ ಆದ ಮೇಲೆ ಎರಡನ್ನೂ ಎತ್ತಿ, ತಿರುಗಿಸಿ, ಇಳಿಸಿ ನೋಡಿದೆ. ನಲವತ್ತೈದು ದಾಟಿದ ಗಂಡಸು ಹೀಗೆ ಕೂತಿರೋದನ್ನ ನೋಡಿ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಏನೂ ಅನ್ನದೇ ಹೋಗೋದರಲ್ಲಿ ಅವಳಿಗೆ ಒಂದು ಕಲೆ ಇದೆ.

ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ನೆರವು ಪಡೆದು ಬೆಂಗಳೂರಿನಲ್ಲಿ ವಾಚ್ ಶುರು ಮಾಡಿದ್ದು 1961ರಲ್ಲಿ. ನಮ್ಮೂರಿಗೆ ಕಾರ್ಖಾನೆ ಬಂದದ್ದು 1978ರಲ್ಲಿ. ಆಗೆಲ್ಲ 'ಹುಡುಗ ಎಚ್‌ಎಂಟಿಯಲ್ಲಿದ್ದಾನೆ' ಅಂದರೆ ಹೆಣ್ಣು ಕೊಡುವವರು ಜಾಸ್ತಿ ವಿಚಾರಿಸುತ್ತಿರಲಿಲ್ಲ. ಅಪ್ಪನ ಕೆಲಸ ಬಿಡಿಭಾಗ ಜೋಡಿಸೋದು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು ದಿನವಿಡೀ ಕೂತಿರುತ್ತಿದ್ದರು. ಅದರಿಂದ ಅವರಿಗೆ ಒಂದು ಚಾಳಿ ಅಂಟಿಕೊಂಡಿತು. ಯಾವ ಯಂತ್ರ ಕೈಗೆ ಸಿಕ್ಕಿದರೂ ಮೊದಲು ಕೇಳೋದು ಎರಡೇ ಪ್ರಶ್ನೆ. ಎಲ್ಲಿಂದ ಜೋರು ಬರುತ್ತೆ? ಎಲ್ಲಿ ಉಜ್ಜುತ್ತೆ?

ಕೀ ಕೊಡುವ ವಾಚಿನಲ್ಲಿ ಜೋರು ಬರೋದು ಸ್ಪ್ರಿಂಗಿನಿಂದ. ಉಜ್ಜೋ ಜಾಗದಲ್ಲಿ ಸವೆಯದಿರಲಿ ಅಂತ ಪುಟಾಣಿ ಕೆಂಪು ಕಲ್ಲು ಕೂರಿಸುತ್ತಾರೆ. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರುತ್ತಿದ್ದದ್ದು ಇದೇ. ಎಷ್ಟೋ ಜನ ಅದನ್ನ ಒಡವೆ ಅಂದುಕೊಂಡಿದ್ದರು. ನಮ್ಮ ಅಜ್ಜಿಯೂ ಹಾಗೇ ಅಂದುಕೊಂಡು ಅಪ್ಪನ ವಾಚನ್ನು ಬೀರುವಿನಲ್ಲಿ ಬಳೆ ಜೊತೆ ಇಡಿಸಿದ್ದಳು.

ನನಗೆ ಹೀ-ಮ್ಯಾನ್ ಬಂದಾಗ ಎಂಟು ವರ್ಷ. ಎಂಬತ್ತರ ದಶಕದ ಕೊನೆ. ದೂರದರ್ಶನದಲ್ಲಿ ಆ ಕಾರ್ಟೂನ್ ಬರುತ್ತಿತ್ತು. ಕತ್ತಿ ಮೇಲೆತ್ತಿ ಕೂಗಿದರೆ ಸಿಡಿಲು ಹೊಡೆದು, ರಾಜಕುಮಾರ ಹೋಗಿ ಬಲಭೀಮ ಆಗುವ ಕಥೆ. ನಮ್ಮ ಬೀದಿಯಲ್ಲಿ ಮರದ ಸ್ಕೇಲು ಹಿಡಿದು ಕೂಗದ ಹುಡುಗರೇ ಇರಲಿಲ್ಲ. ಗೊಂಬೆ ನಮ್ಮ ದೇಶದಲ್ಲೇ ತಯಾರಾಗಿ ಲಿಯೋ ಎಂಬ ಹೆಸರಿನಲ್ಲಿ ಬರುತ್ತಿತ್ತು. ತುಮಕೂರಿನ ಅಂಗಡಿಗಳಲ್ಲಿ ಹುಡುಕಿ ಸಾಕಾಗಿ, ಕೊನೆಗೆ ಅಪ್ಪ ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ತಂದುಕೊಟ್ಟರು. ಅಲ್ಲಿಯವರೆಗೆ ನನಗೆ ಆಟದ ಸಾಮಾನು ಅಂದರೆ ಸಿದ್ಧಗಂಗೆ ಜಾತ್ರೆಯದ್ದು. ಪೀಪಿ, ತಗಡಿನ ಟಿಕ್‌ಟಿಕ್ ಕಪ್ಪೆ, ಬಣ್ಣದ ಬುಗುರಿ. ಶಿವರಾತ್ರಿಗೆ ಕೊಂಡದ್ದು ಯುಗಾದಿ ಹೊತ್ತಿಗೆ ಮುರಿದಿರುತ್ತಿತ್ತು.

ಹಳೆಯ ಹೀ-ಮ್ಯಾನನ್ನು ಈಗ ಕಣ್ಣುಬಿಟ್ಟು ನೋಡಿದರೆ ನಗು ಬರುತ್ತೆ. ಐದೂವರೆ ಇಂಚು ಎತ್ತರ. ಎದೆ ಮಾತ್ರ ಗರಡಿ ಪೈಲ್ವಾನನದು. ಕಾಲು ಎರಡೂ ಅರ್ಧ ಬಗ್ಗಿ, ಬಸ್ಕಿ ಹೊಡೆಯುವಾಗ ಯಾರೋ ಕರೆದು ನಿಲ್ಲಿಸಿದ ಹಾಗೆ. ಅವನು ಯಾವತ್ತೂ ನೆಟ್ಟಗೆ ನಿಲ್ಲಲಾರ. ಮೊಣಕೈ ಇಲ್ಲ, ಮೊಣಕಾಲು ಇಲ್ಲ. ಕತ್ತು, ಎರಡು ಭುಜ, ಸೊಂಟ, ಎರಡು ತೊಡೆ, ಒಟ್ಟು 6 ಕಡೆ ಅಲ್ಲಾಡುತ್ತೆ, ಅಷ್ಟೇ. ಕತ್ತಿಯೂ ಅರ್ಧ. ಇನ್ನರ್ಧ ಅವನ ವೈರಿ ಸ್ಕೆಲಿಟರ್ ಹತ್ತಿರ ಇರುತ್ತೆ, ಎರಡನ್ನೂ ಸೇರಿಸಿದರೆ ಒಂದು ಕತ್ತಿ. ಒಂದು ಗೊಂಬೆ ಕೊಂಡವನು ಇನ್ನೊಂದು ಕೊಳ್ಳಲೇಬೇಕು ಅನ್ನೋ ಲೆಕ್ಕ ನಮಗೆ ಆಗ ಹೊಳೆದಿರಲಿಲ್ಲ.

ಆದರೆ ಆ ಸೊಂಟ! ಒಳಗೆ ಒಂದು ಸ್ಪ್ರಿಂಗ್. ಮೈಯನ್ನು ಒಂದು ಕಡೆ ತಿರುಚಿ ಹಿಡಿದು ಬಿಟ್ಟರೆ ಚಟ್ ಅಂತ ವಾಪಸ್ ತಿರುಗಿ, ಮುಂದೆ ಚಾಚಿದ ಕೈಯಿಂದ ಒಂದು ಗುದ್ದು. ಸೋಪಿನ ಡಬ್ಬಿ, ಬೆಂಕಿಪೊಟ್ಟಣದ ಗೋಪುರ, ಅಕ್ಕನ ಜಾಮಿಟ್ರಿ ಬಾಕ್ಸು, ಎದುರಿಗೆ ಏನಿಟ್ಟರೂ ಉರುಳುತ್ತಿತ್ತು. ಬುಗುರಿಗೆ ದಾರ ಸುತ್ತಿ ಬಿಡುವಾಗ ಕೈಯಲ್ಲಿ ಒಂದು ಬಿಗಿ ಕೂತಿರುತ್ತಲ್ಲ, ಅದೇ ಬಿಗಿ ಇಲ್ಲೂ ಇತ್ತು. ಬಿಡೋ ಮೊದಲಿನ ಆ ಅರೆ ಗಳಿಗೆಯೇ ಆಟ. ಗುದ್ದು ಬಿದ್ದ ಮೇಲೆ ಏನಿದೆ, ಡಬ್ಬಿ ಎತ್ತಿ ಮತ್ತೆ ಜೋಡಿಸೋದು. ಅಪ್ಪನೂ ಸಂಜೆ ಬಂದು ಶರ್ಟು ಬಿಚ್ಚೋ ಮೊದಲೇ ಒಂದು ಸಲ ತಿರುಚಿ ಬಿಡುತ್ತಿದ್ದರು. "ಕೀ ಹಿಡೀತಾ ಇದೆ" ಅಂತ ಅವರಿಗೆ ಅವರೇ ಹೇಳಿಕೊಳ್ಳುತ್ತಿದ್ದರು.

ನಾಲ್ಕೈದು ವರ್ಷಕ್ಕೆ ಕಾಲು ಜೋತುಬಿತ್ತು. ಎರಡೂ ಕಾಲನ್ನು ಒಳಗಿನಿಂದ ಒಂದು ರಬ್ಬರ್ ತುಂಡು ಎಳೆದು ಹಿಡಿದಿರುತ್ತೆ. ರಬ್ಬರ್ ಅಂದ ಮೇಲೆ ಒಣಗುತ್ತೆ, ಅದು ಯಾರ ತಪ್ಪೂ ಅಲ್ಲ. ನಿಲ್ಲಿಸಿದರೆ ಅಂಗಾತ ಬೀಳೋಕೆ ಶುರು ಮಾಡಿದ. ಒಂದು ಭಾನುವಾರ ಅಪ್ಪ ಬಿಸಿನೀರಿನ ಲೋಟದಲ್ಲಿ ಅವನನ್ನು ಸೊಂಟದವರೆಗೆ ಅದ್ದಿದರು. ಪ್ಲಾಸ್ಟಿಕ್ ಮೆತ್ತಗಾದ ಮೇಲೆ ಕಾಲು ಎಳೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಿಂದ ಹಳೇ ರಬ್ಬರ್ ಕಿತ್ತರು. ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಒಳಗೆ ಸಿಕ್ಕಿಸಿದರು. ಮೂರು ಸಲ ತಪ್ಪಿತು. ನಾಲ್ಕನೇ ಸಲಕ್ಕೆ ಕಾಲು ಒಳಗೆ ಕೂತಿತು. ಅದೇ ಟ್ಯೂಬು ಇವತ್ತಿಗೂ ಅವನನ್ನು ಹಿಡಿದಿದೆ. ಎಡಗಾಲು ಸ್ವಲ್ಪ ಸೊಟ್ಟ, ಅಷ್ಟೇ.

ಇನ್ನು ಹೊಸದಕ್ಕೆ ಬರೋಣ. ಹೊಸದು ಅಂದರೆ ಮೊದಲ ಹೊಸದೇನೂ ಅಲ್ಲ. ಅಮೆರಿಕದ ಮ್ಯಾಟೆಲ್ ಕಂಪನಿ ಈ ಗೊಂಬೆಗಳನ್ನು ಮಾರುಕಟ್ಟೆಗೆ ಬಿಟ್ಟದ್ದು 1982ರಲ್ಲಿ. ಕಾರ್ಟೂನ್ ಬಂದದ್ದು ಅದರ ಮಾರನೇ ವರ್ಷ. ಅಂದರೆ ಗೊಂಬೆ ಮೊದಲು, ಕಾರ್ಟೂನ್ ಆಮೇಲೆ. ನಾವೆಲ್ಲ ತಿರುಗಾಮುರುಗಾ ಅಂದುಕೊಂಡಿದ್ದೆವು. 2002ರಲ್ಲಿ ಅದನ್ನು ಪೂರ್ತಿ ಬದಲಾಯಿಸಿ ತಂದರು. ಎತ್ತರ ಜಾಸ್ತಿ, ಮೈ ತುಂಬ ಕೆತ್ತನೆ, ಯಾವಾಗಲೂ ಜಗಳಕ್ಕೆ ಹೊರಟವನ ಭಂಗಿ. 2008ರಲ್ಲಿ ದೊಡ್ಡವರಿಗೆ ಅಂತಲೇ 7 ಇಂಚಿನ ಸರಣಿ ಬಂತು, ಹೆಸರು ಕ್ಲಾಸಿಕ್ಸ್. 2020ರಲ್ಲಿ ಬಂದದ್ದು ಆರಿಜಿನ್ಸ್. ಇದು ತಿರುಗಿ ಹಳೇ ಐದೂವರೆ ಇಂಚಿಗೆ ಬಂದಿತು. ಹಳೆಯದರ ಹಾಗೇ ರಟ್ಟು, ಹಳೆಯದರ ಹಾಗೇ ಮೇಲೆ ಉಬ್ಬಿದ ಪ್ಲಾಸ್ಟಿಕ್, ಒಳಗೊಂದು ಪುಟ್ಟ ಚಿತ್ರಕಥೆ ಪುಸ್ತಕ. ದೂರದಿಂದ ನೋಡಿದರೆ ನನ್ನ ಬಾಲ್ಯವೇ ರಟ್ಟಿಗೆ ಅಂಟಿಕೊಂಡು ಬಂದ ಹಾಗಿತ್ತು. ಹಾಗೆ ಅನಿಸಲಿ ಅಂತಲೇ ಮಾಡಿದ್ದು ಅನ್ನೋದು ಗೊತ್ತಿದ್ದೂ ಕೊಂಡೆ.

ಮೊದಲು ಚೆನ್ನಾಗಿರೋದನ್ನ ಹೇಳಿಬಿಡುತ್ತೇನೆ. ಪಾದದ ಕೀಲು ಬಲು ಚೆನ್ನಾಗಿದೆ. ಒಂದು ಕಾಲು ಮುಂದಿಟ್ಟು, ಇನ್ನೊಂದನ್ನು ಹಿಂದೆ ಚಾಚಿ ನಿಲ್ಲಿಸಿದರೂ ಬೀಳಲ್ಲ. ಮಣಿಕಟ್ಟು ತಿರುಗುತ್ತೆ. ಅದರಿಂದ ಕತ್ತಿ ಹಿಡಿಯುವ ರೀತಿಯೇ ಬದಲಾಗಿದೆ. ಹಳೆಯವನು ಕತ್ತಿಯನ್ನು ಸೌಟಿನ ಹಾಗೆ ಹಿಡಿಯುತ್ತಿದ್ದ. ಇವನು ನಿಜವಾಗಿ ಬೀಸೋಕೆ ಹೊರಟವನ ಹಾಗೆ ಹಿಡಿಯುತ್ತಾನೆ. ಮೊಣಕಾಲು ಬಂದಿರೋದರಿಂದ ನೆಟ್ಟಗೂ ನಿಲ್ಲುತ್ತಾನೆ, ಕೂರುತ್ತಾನೆ. ತನ್ನ ಸವಾರಿಯ ಹುಲಿ ಬೆನ್ನೇರಿದರೆ ನಿಜವಾಗಿ ಸವಾರಿ ಮಾಡಿದ ಹಾಗೇ ಕಾಣುತ್ತೆ.

ಆ ಹುಲಿಯದ್ದು ಒಂದು ಕಥೆ ಇದೆ, ಇಲ್ಲೇ ಹೇಳಿಬಿಡ್ತೀನಿ. ಮ್ಯಾಟೆಲ್‌ನವರ ಹತ್ತಿರ ಬಿಗ್ ಜಿಮ್ ಅನ್ನೋ ಬೇರೆ ಗೊಂಬೆ ಸರಣಿಯ ಹುಲಿ ಅಚ್ಚು ಮೊದಲೇ ಇತ್ತು. ಹೀ-ಮ್ಯಾನ್ ಪಕ್ಕ ಅದು ತೀರಾ ದೊಡ್ಡದು. ಹೊಸ ಅಚ್ಚಿಗೆ ದುಡ್ಡು ಯಾಕೆ ಹಾಕಬೇಕು ಅಂತ ಅದಕ್ಕೇ ಹಸಿರು ಬಣ್ಣ ಬಳಿದು, ಜೀನು ಹಾಕಿ, ಹತ್ತಿಸಿಬಿಟ್ಟರು. ಅದೇ ಬ್ಯಾಟಲ್ ಕ್ಯಾಟ್. ಹೀ-ಮ್ಯಾನ್ ಮತ್ತು ಅವನ ಕಡು ವೈರಿ ಸ್ಕೆಲಿಟರ್ ಎದೆಯೂ ಒಂದೇ ಅಚ್ಚಿನದು. ಹತ್ತಿರದಿಂದ ನೋಡಿದರೆ ಅಣ್ಣತಮ್ಮಂದಿರು, ಆಸ್ತಿ ಜಗಳ ಅನಿಸುತ್ತೆ. ಜಿಪುಣತನದಿಂದ ಇಷ್ಟು ಚೆಂದದ ಹುಲಿ ಹುಟ್ಟಿದೆ ಅನ್ನೋದು ನನಗೆ ಇವತ್ತಿಗೂ ಖುಷಿ.

ಈಗ ನನಗೆ ಹಿಡಿಸದ್ದು. ಮೊಣಕೈ ಕೀಲು. ಹಳೆಯವನ ತೋಳು ಭುಜದಿಂದ ಮುಷ್ಟಿಯವರೆಗೆ ಒಂದೇ ಗೆರೆ. ಬಾಳೆದಿಂಡಿನ ಹಾಗೆ. ಹೊಸದರಲ್ಲಿ ಸರಿಯಾಗಿ ತೋಳು ಉಬ್ಬಬೇಕಾದ ಕಡೆ ಒಂದು ಸೀಳು, ಅದರೊಳಗೆ ಗುಂಡನೆಯ ಕೀಲು. ಮಡಿಸಿದಾಗ ಪರವಾಗಿಲ್ಲ. ನೀಟಿದಾಗ ತೋಳು ಎರಡು ತುಂಡಾಗಿ ಕಾಣುತ್ತೆ. ಮುಖವೂ ನನಗೆ ಒಗ್ಗಲಿಲ್ಲ. ಹಳೆಯವನದು ಸಿಡುಕು ಮುಖ, ಬೆಳಗ್ಗೆ ಕಾಫಿ ಸಿಗದವನ ಹಾಗೆ. ಹೊಸಬ ಚೆನ್ನಾಗಿದ್ದಾನೆ. ತೀರಾ ಚೆನ್ನಾಗಿದ್ದಾನೆ. ಇಂಥ ಮುಖದವನು ಯಾರನ್ನೂ ಗುದ್ದಲ್ಲ, ಕೂರಿಸಿ ಬುದ್ಧಿ ಹೇಳುತ್ತಾನೆ.

ಮತ್ತೆ ಸ್ಪ್ರಿಂಗು. ಅದರ ಬಗ್ಗೆ ನಾನು ತುಂಬ ಯೋಚಿಸಿದೆ. ಯಾಕೆ ತೆಗೆದಿರಬಹುದು ಅನ್ನೋದು ಗೊಂಬೆ ಕೈಯಲ್ಲಿ ಹಿಡಿದರೇ ತಿಳಿಯುತ್ತೆ. ಸ್ಪ್ರಿಂಗ್ ಇರೋ ಸೊಂಟವನ್ನು ಬಯಸಿದ ಕಡೆ ನಿಲ್ಲಿಸೋಕೆ ಆಗಲ್ಲ. ಸ್ವಲ್ಪ ಎಡಕ್ಕೆ ತಿರುಗಿಸಿ ಶೋಕೇಸಿನಲ್ಲಿ ಇಟ್ಟರೆ ಮತ್ತೆ ನಡುವಿಗೇ ಬರುತ್ತಾನೆ. ಶೋಕೇಸಿಗೆ ಅಂತ ಮಾಡುವವರಿಗೆ ಇದು ತಲೆನೋವು. ಭಂಗಿ ನಿಲ್ಲಬೇಕು. ಇಟ್ಟ ಹಾಗೇ ಇರಬೇಕು. ಹಾಗಾಗಿ ವಾಪಸ್ ಬರುವ ಗುಣ ತೆಗೆದು, ನಿಲ್ಲುವ ಗುಣ ಕೊಟ್ಟಿದ್ದಾರೆ. 16 ಕೀಲುಗಳಲ್ಲಿ ಒಂದಕ್ಕೂ ತನ್ನದೇ ಜೋರು ಇಲ್ಲ. ಹಳೆಯದಕ್ಕೆ ಇದ್ದ 6ರಲ್ಲಿ ಒಂದಕ್ಕೆ ಇತ್ತು. ಅಪ್ಪನ ಕೈ ನೇರವಾಗಿ ಆ ಒಂದಕ್ಕೇ ಹೋಗಿತ್ತು.

ದೊಡ್ಡವನಾದ ನನಗೆ ಬೇಕಾದದ್ದನ್ನು ಹೊಸ ಗೊಂಬೆ ಕೊಟ್ಟಿದೆ ಅನ್ನೋದು ನಿಜ. ನಾನು ಈಗ ಡಬ್ಬಿ ಉರುಳಿಸಲ್ಲ. ಕನ್ನಡಕ ಹಾಕಿಕೊಂಡು, ಎಡಗಾಲು ಇನ್ನೊಂಚೂರು ಹಿಂದಕ್ಕೆ, ಕತ್ತಿ ಇನ್ನೊಂಚೂರು ಮೇಲಕ್ಕೆ ಅಂತ ಹೊಂದಿಸಿ ಫೋಟೋ ತೆಗೆಯುತ್ತೇನೆ. ಎಂಟು ವರ್ಷದ ನನಗೆ ಬೇಕಾಗಿದ್ದನ್ನ ಮಾತ್ರ ಅದು ಸದ್ದಿಲ್ಲದೆ ಕೈಬಿಟ್ಟಿದೆ. ಮೇಲಿನ ರೂಪ ಪೂರ್ತಿ ಆ ಹುಡುಗನದು, ಒಳಗಿನ ಕೆಲಸ ಪೂರ್ತಿ ಈ ಮುದುಕನದು. ನನ್ನ ತಕರಾರು ಇಷ್ಟೇ.

ಅಮ್ಮನ ಕಣ್ಣಿಗೆ ಇದೆಲ್ಲ ಬೇರೆ ಥರ ಕಂಡಿತು. ಅವಳು ಬಂದು ಎರಡನ್ನೂ ನೋಡಿ ಕೇಳಿದ್ದು, "ಇದನ್ನ ಕೂರಿಸೋದಾ, ಆಡೋದಾ?" ಮೊದಲು ಅರ್ಥವಾಗಲಿಲ್ಲ. ಆಮೇಲೆ ದಸರಾ ಗೊಂಬೆ ಅಂತ ಹೊಳೆಯಿತು. ನಮ್ಮ ಮನೆಯಲ್ಲಿ ಪಟ್ಟದ ಗೊಂಬೆ ಜೋಡಿ ಇದೆ, ಅಮ್ಮನ ಮದುವೆಯಲ್ಲಿ ತವರಿಂದ ಬಂದದ್ದು. ಅದನ್ನು ಹಬ್ಬಕ್ಕೆ ಇಳಿಸಿ, ಒರೆಸಿ, ಹೊಸ ಬಟ್ಟೆ ಉಡಿಸಿ, ಮೆಟ್ಟಿಲ ಮೇಲೆ ಎತ್ತರಕ್ಕೆ ಕೂರಿಸುತ್ತಾರೆ. ನಾವು ಮುಟ್ಟೋ ಹಾಗಿಲ್ಲ. ಮುಟ್ಟಿದರೆ ಕೈ ಮೇಲೆ ಏಟು. ಆಡೋಕೆ ಬೇರೆ, ಚನ್ನಪಟ್ಟಣದ ಬುಗುರಿ, ಮರದ ಅಡುಗೆ ಸಾಮಾನು. ಎರಡಕ್ಕೂ ಕನ್ನಡದಲ್ಲಿ ಜಗಳ ಇಲ್ಲ. ಕೂರಿಸೋದೂ ಗೊಂಬೆ, ಆಡೋದೂ ಗೊಂಬೆ, ಸೂತ್ರ ಕಟ್ಟಿ ಕುಣಿಸೋದೂ ಗೊಂಬೆ.

ಅಮೆರಿಕದಲ್ಲಿ ಈ ಪದಕ್ಕೇ ಒದ್ದಾಡಿದ್ದಾರೆ. 1964ರಲ್ಲಿ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಅನ್ನೋ ಸೈನಿಕನ ಗೊಂಬೆ ತಂದಾಗ, ಗೊಂಬೆ ಅಂದರೆ ಹುಡುಗರು ಮುಟ್ಟಲ್ಲ ಅಂತ 'ಆಕ್ಷನ್ ಫಿಗರ್' ಅಂತ ಹೊಸ ಹೆಸರು ಕಟ್ಟಿದರು. ನಮ್ಮಮ್ಮನಿಗೆ ಈ ತೊಂದರೆ ಇಲ್ಲ. ಹೀ-ಮ್ಯಾನ್ ಅವಳಿಗೆ ಚಡ್ಡಿ ಹಾಕಿದ ಗೊಂಬೆ. ಒಂದು ದಸರಾದಲ್ಲಿ ನಾನು ಹಠ ಮಾಡಿದ್ದಕ್ಕೆ ಹಳೆಯವನನ್ನು ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟಿ ಅಂಗಡಿ ಗೊಂಬೆಯ ಪಕ್ಕ ನಿಲ್ಲಿಸಿದ್ದಳು. ಶೆಟ್ಟಿಗೆ ಕಾವಲುಗಾರ ಅಂತ ಬಂದವರಿಗೆಲ್ಲ ಹೇಳಿದಳು. ಅವನಿಗೆ ಅಲ್ಲಿ ಸುಮ್ನೆ ನಿಲ್ಲೋಕೆ ಆಗಲಿಲ್ಲ. ಯಾವನೋ ಹುಡುಗ ಹೋಗಿ ಸೊಂಟ ತಿರುಚಿದ. ಶೆಟ್ಟಿಯ ತಲೆ ಹಾರಿತು. ಮಣ್ಣಿನ ಶೆಟ್ಟಿ. ಅಂಟು ಹಾಕಿದ ಗುರುತು ಇನ್ನೂ ಅವನ ಕತ್ತಿನಲ್ಲಿದೆ.

ಹಾಗಾದರೆ ಹೊಸದು ಕೂರಿಸೋ ಗೊಂಬೆ ಅಂತ ನಾನು ತೀರ್ಮಾನ ಮಾಡಿಟ್ಟುಕೊಂಡಿದ್ದೆ. ಇಲ್ಲಿಗೇ ಬರಹ ಮುಗಿಸಬಹುದು ಅಂತಲೂ ಇದ್ದೆ.

ಕಳೆದ ಭಾನುವಾರ ಅಕ್ಕ ಬಂದಳು, ಜೊತೆಗೆ ಅವಳ ಒಂಬತ್ತು ವರ್ಷದ ಮಗ. ಬೆಳಗ್ಗೆ ಎಲ್ಲರೂ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದಿದ್ದೆವು. ಹೊಟ್ಟೆ ಭಾರವಾಗಿ ನಾವು ಹಾಲಿನಲ್ಲಿ ಉರುಳಿಕೊಂಡಿದ್ದಾಗ ಅವನು ನನ್ನ ಮೇಜಿನ ಹತ್ತಿರ ಹೋಗಿದ್ದ. ಟಕ್ ಅಂತ ಒಂದು ಶಬ್ದ. ಎದ್ದು ಹೋಗಿ ನೋಡಿದರೆ ಹೀ-ಮ್ಯಾನ್ ತಲೆ ಅವನ ಕೈಯಲ್ಲಿ.

"ಮಾವ, ಇದು ಬಿಚ್ಚಕ್ಕೆ ಬರುತ್ತೆ" ಅಂದ. ಹೆದರಿಕೆಯಿಂದ ಅಲ್ಲ, ನನಗೆ ಗೊತ್ತಿಲ್ಲವೇನೋ ಅಂತ.

ಗೊತ್ತಿತ್ತು. ಆರಿಜಿನ್ಸ್ ಗೊಂಬೆಗಳ ತಲೆ, ತೋಳು, ಸೊಂಟ, ಕಾಲು ಎಲ್ಲ ಕೈಯಲ್ಲೇ ಕಳಚಿ ಬರುವ ಹಾಗೆ ಮಾಡಿದ್ದಾರೆ. ಒಂದರ ತೋಳು ಇನ್ನೊಂದಕ್ಕೆ ಹಾಕಬಹುದು. ಹಳೇ ಕಾಲದಲ್ಲಿ ದುಡ್ಡು ಉಳಿಸೋಕೆ ಕಾರ್ಖಾನೆಯವರು ಮಾಡುತ್ತಿದ್ದ ಅದಲುಬದಲನ್ನು ಈಗ ಹುಡುಗರ ಕೈಗೇ ಕೊಟ್ಟಿದ್ದಾರೆ. ರಟ್ಟಿನ ಹಿಂದೆ ಓದಿದ್ದೆ. ಒಮ್ಮೆಯೂ ಮಾಡಿ ನೋಡಿರಲಿಲ್ಲ. ಮೂರು ವಾರ ಕೀಲು ಎಣಿಸಿದೆ, ಗೆರೆ ನೋಡಿದೆ, ಮುಖದ ಬಗ್ಗೆ ಗೊಣಗಿದೆ. ಕಳಚೋದಕ್ಕೆ ಮಾತ್ರ ಕೈ ಬರಲಿಲ್ಲ. ಎರಡು ಸಾವಿರ ಕೊಟ್ಟವನ ಕೈ ಅದು.

ಅವನು ಎರಡು ತೋಳು ಅದಲುಬದಲು ಮಾಡಿದ, ಅಂಗೈ ಹಿಂದಕ್ಕೆ ಬಂತು. ಎದೆ ತೆಗೆದು ಬರೀ ಕಾಲನ್ನು ನಡೆಸಿದ. ಸೊಂಟಕ್ಕೆ ನೇರವಾಗಿ ತಲೆ ಕೂರಿಸೋಕೆ ನೋಡಿದ, ಹಿಡಿಯಲಿಲ್ಲ, ಬಿಟ್ಟ. ನಾನು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡೆ. ನನ್ನ ಸ್ನೇಹಿತನೊಬ್ಬನ ಹತ್ತಿರ ಬೇರೆ ಕಂಪನಿಯ ಗೊಂಬೆ ಇದೆ, ಹೆಸರು ಬೇಡ. ಅದರ ಮೊಣಕಾಲಿನ ಒಳಗೆ ಕಡ್ಡಿ ಮುರಿದು, ತೆರೆಯೋಕೂ ಆಗದೆ ಎಸೆಯೋಕೂ ಆಗದೆ ಡ್ರಾಯರಿನಲ್ಲಿ ಮಲಗಿದೆ. ಅದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ ಅಂತ ಆಗ ಅನಿಸಿತು.

ಅಪ್ಪ ಬಂದು ಕುರ್ಚಿ ಎಳೆದು ಕೂತರು. ಹರಡಿದ್ದ ತುಂಡುಗಳನ್ನು ನೋಡಿದರು. ಕಾಲಿನ ಮೇಲ್ತುದಿಯಲ್ಲಿದ್ದ ಗುಂಡನ್ನು ಬೆರಳಿಂದ ಸವರಿದರು. "ಇಲ್ಲಿ ಉಜ್ಜುತ್ತೆ" ಅಂದರು. "ಹಾಕಿ ತೆಗೆದು ಮಾಡಿದರೆ ಸಡಿಲ ಆಗುತ್ತೆ. ಇದಕ್ಕೆ ಕಲ್ಲು ಕೂರಿಸಬೇಕಿತ್ತು."

2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಅಪ್ಪ ಅದಕ್ಕೂ ಎಷ್ಟೋ ಮೊದಲೇ ವಿಆರ್‌ಎಸ್ ತಗೊಂಡು ಹೊರಗೆ ಬಂದಿದ್ದರು. ಕಾರ್ಖಾನೆಯ ಜಾಗ ಈಗ ಇಸ್ರೋದವರ ಕೈಯಲ್ಲಿದೆ. ಚಿಮಟ, ಭೂತಗನ್ನಡಿ ಮಾತ್ರ ಇನ್ನೂ ಅಪ್ಪನ ಬೀರುವಿನಲ್ಲಿ, ಒಂದು ಹಳೇ ವಾಚಿನ ಪೆಟ್ಟಿಗೆಯೊಳಗೆ ಇವೆ. ಈಗ ಅವುಗಳಿಗೆ ಕೆಲಸ ಕಡಿಮೆ.

"ತಾತ, ಇದು ನೋಡು" ಅಂತ ಹುಡುಗ ಹಳೆಯವನನ್ನು ಎತ್ತಿಕೊಂಡ. ಇದನ್ನೂ ಕಳಚೋಣ ಅಂತ ತಲೆ ಎಳೆದ. ಬರಲಿಲ್ಲ. ತೋಳು ಎಳೆದ. ಬರಲಿಲ್ಲ. ಅಪ್ಪ ಅದನ್ನು ಅವನ ಕೈಯಿಂದ ತಗೊಂಡು, ಸೊಂಟ ತಿರುಚಿ, ಹಿಡಿದೇ ಅವನ ಕೈಗೆ ವಾಪಸ್ ಕೊಟ್ಟರು. "ಬಿಡಬೇಡ. ಗಟ್ಟಿಯಾಗಿ ಹಿಡ್ಕೊ. ಕೈಗೆ ಏನು ಗೊತ್ತಾಗ್ತಿದೆ?"

"ಎಳೀತಿದೆ."

"ಹೂಂ. ಈಗ ಬಿಡು."

ಹೊಸಬ ಎದುರಿಗೇ ನಿಂತಿದ್ದ, ನಾನು ಮೂರು ವಾರ ಹೊಂದಿಸಿದ ಭಂಗಿಯಲ್ಲೇನೂ ಅಲ್ಲ, ಅಂಗೈ ಹಿಂದುಮುಂದಾಗಿ. ಹಳೆಯವನ ಮುಷ್ಟಿ ಸರಿಯಾಗಿ ಎದೆಗೆ ಬಿತ್ತು. ಹೊಸಬ ಮೇಜಿನಿಂದ ಹಾರಿ, ನೆಲಕ್ಕೆ ಬಿದ್ದು, ಸೊಂಟದ ಹತ್ತಿರ ಎರಡು ತುಂಡಾದ. ಒಂದು ಕಾಲು ಸೋಫಾ ಕೆಳಗೆ ಹೋಯಿತು. ಹುಡುಗ ಕಿರುಚಿ ನಕ್ಕ. ಅಪ್ಪನೂ ನಕ್ಕರು.

ನಗ್ತಾನೇ ಎದ್ದು ರೂಮಿಗೆ ಹೋದರು. ಬೀರು ತೆಗೆದ ಸದ್ದು ಕೇಳಿತು. ಭೂತಗನ್ನಡಿ, ಚಿಮಟ ಹಿಡಿದು ವಾಪಸ್ ಬರುವಷ್ಟರಲ್ಲಿ ಹುಡುಗ ಸೋಫಾ ಕೆಳಗಿಂದ ಕಾಲು ಎಳೆದು, ಟಕ್, ಟಕ್, ಟಕ್ ಅಂತ ಮೂರೂ ತುಂಡು ಜೋಡಿಸಿ ಅವನನ್ನು ಮತ್ತೆ ಮೇಜಿನ ಮೇಲೆ ನಿಲ್ಲಿಸಿದ್ದ.

"ಇನ್ನೊಂದು ಸಲ ಕೀ ಕೊಡು ತಾತ" ಅಂದ.

ಅಪ್ಪ ಚಿಮಟವನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಕೂತರು.